ಈ ಚಿತ್ರದ ಅರ್ಥ ಏನು ಅಂತ ನಾನೀಗ ಕೇಳುವುದಿಲ್ಲ

ನಾನು ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಚಿತ್ರ, ಮಣ್ಣಿನ ಕೆಲಸದ ಮೂಲಕ ಮನಸ್ಸಿನ ನೋವಿಗೆ ಆರೈಕೆ ಮಾಡುವ ಕಲಾ ಚಿಕಿತ್ಸೆ ಬೇರೆಯೇ ವಿದ್ಯೆ, ಅದನ್ನು ಕಲಿತವರು ಬೇರೆ. ಅದರ ಒಂದೆರಡು ಎಳೆ ಹಿಡಿದು ಎಂಟನೇ ತರಗತಿಯ ಮಕ್ಕಳ ಜೊತೆ ಕೂರುವುದಷ್ಟೇ ನನ್ನ ಕೆಲಸ.

10ರಿಂದ 19 ವರ್ಷದ 7 ಮಂದಿಯಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ತರಗತಿಯಲ್ಲಿ 42 ಮಕ್ಕಳಿದ್ದರು. ಆ ಆರು ಮಂದಿ ಯಾರಿರಬಹುದು ಎಂದು ಹಾಜರಿ ಕೂಗುವಾಗ ಮುಖ ಮುಖ ನೋಡುತ್ತಿದ್ದೆ. ಗೊತ್ತಾಗುತ್ತಿರಲಿಲ್ಲ. ಕೆಲವರ ಅಪ್ಪಂದಿರು ಮಗ್ಗದ ಮೇಲೆ, ಕೆಲವರದು ಕಲ್ಲಿನ ಕ್ವಾರಿಯಲ್ಲಿ ದುಡಿಮೆ. ಕೆಲವರ ತಂದೆತಾಯಿ ಗೋವಾ, ಮಂಗಳೂರಿಗೆ ಗುಳೆ ಹೋಗಿ, ಮಕ್ಕಳು ಆಯಿ-ಮುತ್ಯಾನ (ಅಜ್ಜಿ-ಅಜ್ಜನ) ಹತ್ತಿರ ಉಳಿದಿರುತ್ತಾರೆ. ‘ಹ್ಯಾಂಗಿದ್ದೀಯೋ’ ಅಂದರೆ ಎಲ್ಲರದೂ ಒಂದೇ ಉತ್ತರ, ‘ಆರಾಮ್ರೀ’.

ಶುರು ಮಾಡಿದ್ದು ಮಣ್ಣೆತ್ತಿನ ಅಮಾವಾಸ್ಯೆಯಿಂದ. ಶಾಲೆ ತೆರೆದ ಹೊಸದರಲ್ಲೇ ಬರುವ ಹಬ್ಬ, ಮಣ್ಣು ಮುಟ್ಟಲು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಲದ ಎರೆಮಣ್ಣು ತಂದು, ಹರಳು ಆರಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದಿಷ್ಟು ಹತ್ತಿ ಬಿಡಿಸಿ ಹಾಕಿ ನಾದುತ್ತೇವೆ. ಹತ್ತಿ ಇಲ್ಲದಿದ್ದರೆ ಒಣಗುವಾಗ ಬಿರಿಯುತ್ತದೆ. ನಾದುವ ಹತ್ತು ನಿಮಿಷ ಮಾತಿಲ್ಲ. ಮಣ್ಣು ತಣ್ಣಗಿದೆಯೋ, ಅಂಗೈ ಬೆಚ್ಚಗಾಯಿತೋ, ಉಸಿರು ಎಲ್ಲಿ ಆಡುತ್ತಿದೆ, ಅಷ್ಟನ್ನೇ ಗಮನಿಸಿ ಅನ್ನುತ್ತೇನೆ.

ಮೊದಲ ವರ್ಷ ಒಬ್ಬ ಹುಡುಗ ಎತ್ತು ಮಾಡಲೇ ಇಲ್ಲ. ಬರೀ ಗ್ವಾದಲಿ, ಅಂದರೆ ಎತ್ತಿಗೆ ಮೇವು ಹಾಕುವ ತೊಟ್ಟಿ, ಮಾಡಿದ, ಕೆಡಿಸಿದ, ಮತ್ತೆ ಮಾಡಿದ. ಮೂರು ಸಲ. ‘ಎತ್ತು ಎಲ್ಲೋ?’ ಎಂಬ ಪ್ರಶ್ನೆ ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡು ಅವನ ಪಕ್ಕ ಕೂತು ನನ್ನ ಎತ್ತಿನ ಕೋಡು ತಿದ್ದತೊಡಗಿದೆ. ಬಹಳ ಹೊತ್ತಾದ ಮೇಲೆ, ತಲೆ ಎತ್ತದೆ ಅಂದ, ‘ಸರ್ರೀ, ನಮ್ಮ ಎತ್ತು ಹ್ವಾದ ವಾರ ಮಾರಿದ್ರೀ. ಅಪ್ಪ ಅಳಾಕತ್ತಿದ್ದ.’ ಎದುರಿಗೆ ಕೂರಿಸಿ ಕೇಳಿದ್ದರೆ ಆ ಮಾತು ಬರುತ್ತಿರಲಿಲ್ಲ. ಕಣ್ಣು ಮಣ್ಣಿನ ಮೇಲಿತ್ತು, ಹಾಗಾಗಿ ಮಾತು ಬಂತು. ಈಗ ನಾನು ಕೇಳುವುದು ಒಂದೇ: ‘ಇದರಾಗ ಯಾವ ಭಾಗಕ್ಕ ಬಾಳ ಹೊತ್ತು ಹಿಡೀತು?’

ಧ್ಯಾನದ ವಿಷಯದಲ್ಲಿ ನಾನು ಎಡವಿದ್ದೇನೆ. ಮೊದಮೊದಲು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂರಿಸುತ್ತಿದ್ದೆ. ಕೆಲವರು ನಗುತ್ತಿದ್ದರು, ಒಂದಿಬ್ಬರಿಗೆ ಎದೆ ಬಡಿತ ಜೋರಾಗುತ್ತಿತ್ತು. ಬ್ರಿಟನ್ನಿನ ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು: ಇಡೀ ತರಗತಿಗೆ ಹೇಳಿಕೊಟ್ಟ, ಈ ಕ್ಷಣದ ಮೇಲೆ ಗಮನ ಇಡುವ ಮೈಂಡ್‌ಫುಲ್‌ನೆಸ್ ಪಾಠ, ಮೊದಲಿನಿಂದ ನಡೆದ ಪಾಠಕ್ಕಿಂತ ಮಕ್ಕಳ ಮನಸ್ಸಿಗೆ ಹೆಚ್ಚಿನ ಉಪಯೋಗ ಮಾಡಲಿಲ್ಲ. ಓದಿ ಬೇಸರವಾಯಿತು, ಆದರೆ ಕಣ್ಣೂ ತೆರೆಯಿತು. ಈಗ ಕಂಚಿನ ತಂಬಿಗೆಗೆ ಚಮಚದಿಂದ ಒಮ್ಮೆ ಹೊಡೆಯುತ್ತೇನೆ. ಸದ್ದು ಪೂರಾ ಅಡಗಿತು ಅನಿಸಿದಾಗ ಕೈ ಎತ್ತಬೇಕು. ಕಣ್ಣು ತೆರೆದೇ ಇರಬಹುದು. ಬೇಡವಾದವರು ಚುಕ್ಕಿ ರಂಗೋಲಿ ಹಾಕುತ್ತಾ ಕೂರಬಹುದು. ಐದೇ ನಿಮಿಷ.

ದೊಡ್ಡ ತಪ್ಪು ಮಾಡಿದ್ದು ಆಗಸ್ಟ್ 15ಕ್ಕೆ. ಚಿತ್ರಗಳನ್ನೆಲ್ಲ ಗೋಡೆಗೆ ಹಚ್ಚಿದೆ. ಒಬ್ಬ ಹುಡುಗಿ ಹೊಸ್ತಿಲಲ್ಲಿ ಬಿದ್ದ ಗಂಡಸನ್ನೂ ಒಳಗೆ ದೀಪ ಹಿಡಿದು ನಿಂತ ಹೆಂಗಸನ್ನೂ ಬರೆದಿದ್ದಳು. ಬಹಳ ಚೆಂದದ ಚಿತ್ರ, ಅದಕ್ಕೇ ನಡುವೆ ಹಾಕಿದ್ದೆ. ನೋಡಲು ಬಂದ ಊರವರಿಗೆ ಮನೆ ಗುರುತು ಸಿಕ್ಕಿತು. ಒಂಬತ್ತು ದಿನ ಆಕೆ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ಆಕೆಯ ಅವ್ವನ ಎದುರಿಗೆ ಕ್ಷಮೆ ಕೇಳಿದೆ.

ಅಂದಿನಿಂದ ಒಬ್ಬೊಬ್ಬರಿಗೆ ಒಂದೊಂದು ಲಕೋಟೆ. ಹೆಸರಿಲ್ಲ, ಅವರೇ ಹಾಕಿದ ಗುರುತು ಮಾತ್ರ. ನಾನೂ ಕೇಳದೆ ತೆರೆಯುವುದಿಲ್ಲ. ಆದರೆ ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತೇನೆ: ಯಾರಾದರೂ ನಿಮಗೆ ನೋವು ಮಾಡುತ್ತಿದ್ದರೆ, ಇಲ್ಲವೇ ನಿಮಗೇ ಜೀವ ಬೇಡ ಅನಿಸಿದರೆ, ಆ ಗುಟ್ಟು ನಾನು ಇಟ್ಟುಕೊಳ್ಳುವುದಿಲ್ಲ. ಒಬ್ಬ ಹುಡುಗ ವಾರಗಟ್ಟಲೆ ನಿದ್ದೆ, ಊಟ ಬಿಟ್ಟಾಗ ಮುಖ್ಯಗುರುಗಳ ಕೋಣೆಯಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆವು, ಆಮೇಲೆ ಆತನ ಮುತ್ಯಾನ ಜೊತೆ ಜಿಲ್ಲಾ ಆಸ್ಪತ್ರೆಗೆ ಹೋದೆವು. ಅಲ್ಲಿಂದ ಮುಂದೆ ವೈದ್ಯರ ಕೆಲಸ. ಹೊಡೆತ, ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098. ಮಣ್ಣು, ಬಣ್ಣ ಹಿಡಿದು ಇದನ್ನೆಲ್ಲ ನಾನೇ ಸರಿಮಾಡುತ್ತೇನೆ ಎಂದುಕೊಂಡರೆ ಮಗುವಿಗೇ ಅಪಾಯ.

ಹತ್ತನೇ ತರಗತಿ ಮುಗಿದಾಗ ಲಕೋಟೆ ವಾಪಸ್ ಕೊಡುತ್ತೇನೆ. ಆ ಹುಡುಗಿ ತನ್ನದನ್ನು ಬೆಂಚಿನ ಮೇಲೆ ಸುರುವಿ, ಎರಡು ಚಿತ್ರ ಆರಿಸಿಕೊಂಡು, ಉಳಿದವನ್ನು ನನ್ನ ಕೈಗಿಟ್ಟಳು. ‘ಇವು ನಿಮ್ಮ ಹತ್ರಾನ ಇರ್ಲಿ ಸರ್ರೀ, ಮನ್ಯಾಗ ಇಡಾಕ ಜಾಗ ಇಲ್ಲ’ ಅಂದಳು. ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿವೆ.