ಬ್ಯಾಕ್ಟೀರಿಯಾ ಈಜುತ್ತಿದೆಯಾ? ಮೆತ್ತನೆ ಅಗರ್‌ನಲ್ಲಿ ನೋಡುವ ಬಗೆ

ಶಿವಮೊಗ್ಗದ ಕಾಲೇಜು ಲ್ಯಾಬ್‌ನಲ್ಲಿ ಇದನ್ನು ಮಾಡುವವರಿಗೆ ಮೊದಲ ಮಾತು: ರೋಗ ತರುವ ತಳಿ ಬೇಡ. ನಿರಪಾಯದ, ಈಜುವ ಇ. ಕೋಲೈ ಕೆ-12 ಸಾಕು. ಈಜಲು ಬೇಕಾದ ಬಾಲ (ಫ್ಲಾಜೆಲ್ಲಾ) ಕಟ್ಟುವ ಮುಖ್ಯ ಜೀನ್‌ಗಳು ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಲ್ಲೂ ಹೆಚ್ಚುಕಡಿಮೆ ಇದರಲ್ಲಿರುವಂಥವೇ.

ಬ್ಯಾಕ್ಟೀರಿಯಾ ಬೆಳೆಸುವ ಮಾಮೂಲಿ ಪ್ಲೇಟಿಗೆ 1.5% ಅಗರ್ (ಆಹಾರದ ದ್ರವವನ್ನು ಗಟ್ಟಿ ಮಾಡುವ ಪುಡಿ) ಹಾಕುತ್ತೇವೆ, ಇಲ್ಲಿ ಬರೀ 0.3%. ಎಳನೀರಿನ ಗಂಜಿಯ ಹಾಗೆ ಅಲುಗಾಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಪ್ಲೇಟ್ ಬೇಗ ಆರುವುದಿಲ್ಲ, ಮೇಲೆ ನೀರು ನಿಂತರೆ ಬ್ಯಾಕ್ಟೀರಿಯಾ ಅದರಲ್ಲೇ ತೇಲಿ ಹರಡಿ ನಮ್ಮನ್ನು ದಾರಿ ತಪ್ಪಿಸುತ್ತದೆ, ಹಾಗಾಗಿ ಸ್ವಲ್ಪ ಜಾಸ್ತಿ ಹೊತ್ತು ಆರಲು ಬಿಡಿ. ನಡುವೆ ಬ್ಯಾಕ್ಟೀರಿಯಾ ತಾಗಿಸಿದ ಸೂಜಿಯಿಂದ ಚುಚ್ಚಿ. ಪ್ಲೇಟ್ ಮಗುಚಬೇಡಿ! 30 ಡಿಗ್ರಿಯಲ್ಲಿ ಒಂದು ರಾತ್ರಿ ಇಡಿ.

ಬೆಳಿಗ್ಗೆ ಮಂಜಿನಂಥ ಉಂಗುರ ಹರಡಿದ್ದರೆ ಈಜಿದೆ ಎಂದರ್ಥ. ಚುಚ್ಚಿದಲ್ಲೇ ಚುಕ್ಕಿಯಾಗಿ ಕೂತಿದ್ದರೆ ಯಾವ ಜೀನ್ ಕೆಟ್ಟಿದೆ ಅಂತ ಹುಡುಕಬೇಕು, ನನಗೆ ತುಂಬಾ ಇಷ್ಟವಾಗುವುದು ಈ ಭಾಗವೇ. ಎಫ್‌ಎಲ್‌ಎಚ್‌ಡಿಸಿ ಎಂಬ ಜೀನ್ ಜೋಡಿ ಬಾಲದ ಜೀನ್‌ಗಳೆಲ್ಲಕ್ಕೂ ಯಜಮಾನ, ಅದು ಕೆಟ್ಟರೆ ಬಾಲವೇ ಹುಟ್ಟುವುದಿಲ್ಲ. ಮಾಟ್‌ಎ ಜೀನ್ ಕೆಟ್ಟರೆ ಬಾಲ ಇರುತ್ತದೆ, ತಿರುಗುವುದಿಲ್ಲ. ಸುಮ್ನೆ ಬಾಲಕ್ಕೆ ಬಣ್ಣ ಹಾಕಿ ನೋಡಿದರೆ ಇದು ಗೊತ್ತೇ ಆಗಲ್ಲ, ಅಲ್ವಾ? ನಿಧಾನವಾಗಿ ಬೆಳೆಯುವ ತಳಿಯೂ ಚಿಕ್ಕ ಉಂಗುರವನ್ನೇ ಕೊಡುತ್ತದೆ, ಅದಕ್ಕೇ ದ್ರವ ಆಹಾರವಾದ ಬ್ರಾತ್‌ನಲ್ಲೂ ಬೆಳೆಸಿ ಹೋಲಿಸಿ. ಮುಗಿದ ಮೇಲೆ ಪ್ಲೇಟ್‌ಗಳನ್ನು ಆಟೋಕ್ಲೇವ್ ಮಾಡಿಯೇ (ಒತ್ತಡದ ಹಬೆಯಲ್ಲಿ ಬೇಯಿಸಿ) ಎಸೆಯಿರಿ.