ಮಕ್ಕಳು ಕಾರ್ಟೂನ್ ಸಿನಿಮಾದ ಕಥೆಯಲ್ಲಿ ತಪ್ಪು ಹಿಡಿದಾಗ ಹೆತ್ತವರು ಏನು ಮಾಡಬೇಕು?

ಬೇಸಿಗೆ ರಜೆಯಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿಯ ಮನೆಗಳಲ್ಲಿ ಮಕ್ಕಳನ್ನು ಮಧ್ಯಾಹ್ನ ಹೊರಗೆ ಬಿಡುವಂತಿಲ್ಲ. ಬಿಸಿಲು 40 ಡಿಗ್ರಿ ದಾಟಿರುತ್ತದೆ, ಆಟದ ಮೈದಾನಗಳು ಸಂಜೆಯವರೆಗೆ ಬರಿದಾಗಿರುತ್ತವೆ, ಮನೆಯೊಳಗೆ ಒಂದೇ ಕಾರ್ಟೂನ್ ಸಿನಿಮಾ ದಿನ ಬಿಟ್ಟು ದಿನ ಓಡುತ್ತಿರುತ್ತದೆ. ಮೊದಲ ಸಲ ನೋಡುವ ಮಗು ಹಾಡಿನಲ್ಲಿ, ಬಣ್ಣದಲ್ಲಿ ಮುಳುಗಿರುತ್ತದೆ. ಕಥೆ ಬಾಯಿಪಾಠವಾದ ಮೇಲೆಯೇ ಅದರ ಲೋಪಗಳು ಕಣ್ಣಿಗೆ ಬೀಳತೊಡಗುತ್ತವೆ. ಆಗ ಮಗು ಕೇಳುವ ಪ್ರಶ್ನೆಗೆ ‘ಅದು ಸಿನಿಮಾ, ಸುಮ್ಮನೆ ನೋಡು’ ಎಂದು ಹೇಳಿ ಮುಗಿಸಬಾರದು ಎಂಬುದು ನನ್ನ ಮೊದಲ ಸೂಚನೆ. ಆ ಪ್ರಶ್ನೆ ಕೇಳಬೇಕಾದರೆ ಮಗು ಕಥೆಯ ಆರಂಭದಲ್ಲಿ ನಡೆದದ್ದನ್ನು ನೆನಪಿನಲ್ಲಿ ಇಟ್ಟುಕೊಂಡು, ಕೊನೆಯಲ್ಲಿ ನಡೆದದ್ದರ ಪಕ್ಕಕ್ಕೆ ತಂದು, ಎರಡೂ ಹೊಂದುವುದಿಲ್ಲವೆಂದು ತಾನಾಗಿಯೇ ಕಂಡುಕೊಂಡಿರಬೇಕು. ಇಷ್ಟು ಕೆಲಸ ಮಾಡಿದ ಬುದ್ಧಿಯನ್ನು ಒಂದು ಮಾತಿನಿಂದ ಸುಮ್ಮನಾಗಿಸುವುದು ಸರಿಯಲ್ಲ.

ನಮ್ಮ ಕಡೆಯ ದೊಡ್ಡಾಟದಲ್ಲಿ ರಂಗಕ್ಕೆ ಬರುವ ಪ್ರತಿ ಪಾತ್ರವನ್ನೂ ಆಟ ನಡೆಸುವ ಸಾರಥಿ ತಡೆದು ನಿಲ್ಲಿಸಿ, ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು ಎಂದು ಕೇಳುತ್ತಾನೆ. ಉತ್ತರ ಕೊಡದೆ ರಾಜನಿಗೂ ಮುಂದೆ ಹೋಗುವ ಹಾದಿಯಿಲ್ಲ. ಸಿನಿಮಾ ನೋಡುವ ಮಗುವಿಗೂ ಅದೇ ಅಧಿಕಾರವನ್ನು ಕೊಡಬೇಕು. ಹೇಗೆ ಕೊಡಬೇಕು ಎಂಬುದನ್ನು ಬಹುಪಾಲು ಮಕ್ಕಳಿಗೆ ಪರಿಚಯವಿರುವ ಒಂದೇ ಸಿನಿಮಾ ಇಟ್ಟುಕೊಂಡು ವಿವರಿಸುತ್ತೇನೆ. ಕ್ರಿಸ್ ಬಕ್ ಮತ್ತು ಜೆನಿಫರ್ ಲೀ ನಿರ್ದೇಶಿಸಿ, ಡಿಸ್ನಿ ಸಂಸ್ಥೆ 2013ರಲ್ಲಿ ಬಿಡುಗಡೆ ಮಾಡಿದ ‘ಫ್ರೋಜನ್’ ಆ ಸಿನಿಮಾ. ಮುಟ್ಟಿದ್ದನ್ನೆಲ್ಲ ಹಿಮವಾಗಿಸುವ ಶಕ್ತಿಯಿರುವ ಎಲ್ಸಾ, ಆ ಶಕ್ತಿಯ ನೆನಪನ್ನೇ ಕಳೆದುಕೊಂಡಿರುವ ತಂಗಿ ಆನಾ, ಇಬ್ಬರ ನಡುವೆ ಮುಚ್ಚಿದ ಒಂದು ಬಾಗಿಲು, ಇದು ಅದರ ಕಥೆ.

ಪ್ರಶ್ನೆ ಬಂದ ಕೂಡಲೇ ಉತ್ತರ ಹೇಳಲು ಹೋಗದೆ, ಕಥೆ ತಾನೇ ಹಾಕಿಕೊಂಡ ಕಟ್ಟಳೆ ಏನೆಂದು ಮಗುವಿನ ಬಾಯಿಂದಲೇ ಹೇಳಿಸಬೇಕು. ರಾಯಚೂರಿನ ಬಿಸಿಲಿನಲ್ಲಿ ಐಸ್ ಕ್ಯಾಂಡಿ ಬಾಯಿಗೆ ಹೋಗುವ ಮೊದಲೇ ಮೊಣಕೈವರೆಗೆ ಸುರಿಯುವುದನ್ನು ನೋಡಿದ ಮಗು, ಎಲ್ಸಾಳ ಹಿಮದ ಉಡುಪು ಏಕೆ ಕರಗುವುದಿಲ್ಲ ಎಂದು ಕೇಳುವುದು ಸಹಜ. ಆದರೆ ಅವಳ ಹಿಮ ಅವಳ ಮನಸ್ಸಿಗೆ ತಕ್ಕಂತೆ ನಡೆಯುತ್ತದೆ ಎಂದು ಸಿನಿಮಾ ಮೊದಲೇ ಒಪ್ಪಂದ ಮಾಡಿಕೊಂಡಿದೆ; ಅದನ್ನು ಒಪ್ಪಿಯೇ ನಾವು ಕಥೆಯೊಳಗೆ ಹೋಗಿರುತ್ತೇವೆ. ಹಾಗೆಂದು ಹಿಮ ಕರಗುವುದಿಲ್ಲ ಎಂದು ಸಿನಿಮಾ ಎಲ್ಲಿಯೂ ಹೇಳುವುದಿಲ್ಲ. ಕೊನೆಯಲ್ಲಿ ಬೇಸಿಗೆ ಮರಳಿ ಬಂದಾಗ ಹಿಮಮಾನವ ಓಲಾಫ್ ಕರಗತೊಡಗುತ್ತಾನೆ, ಎಲ್ಸಾ ಅವನ ತಲೆಯ ಮೇಲೆ ಸದಾ ಹಿಮ ಉದುರಿಸುವ ಪುಟ್ಟ ಮೋಡವೊಂದನ್ನು ಮಾಡಿಕೊಡುತ್ತಾಳೆ. ನಮ್ಮ ಲೋಕದಲ್ಲಿ ನಡೆಯದ್ದು ನಡೆದರೆ ಅದು ಲೋಪವಲ್ಲ, ಕಥೆ ತಾನು ಕೊಟ್ಟ ಮಾತನ್ನು ತಾನೇ ಮುರಿದರೆ ಮಾತ್ರ ಲೋಪ ಎಂಬ ಭೇದ ಮಗುವಿಗೆ ಈ ಮೋಡದಿಂದಲೇ ತಿಳಿಯುತ್ತದೆ.

ಆಮೇಲೆ ದೃಶ್ಯವನ್ನು ಹಿಂದಕ್ಕೆ ಹಾಕಿ ನೋಡಬೇಕು. ನಮ್ಮ ಊರುಗಳ ಮಕ್ಕಳಿಗೆ ಇದು ಹೆಚ್ಚು ಅಗತ್ಯ. ಅವರು ಈ ಸಿನಿಮಾಗಳನ್ನು ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ನೋಡುತ್ತಾರೆ, ಚಿತ್ರದಿಂದ ಕಥೆ ಹಿಡಿಯುತ್ತಾರೆ, ಮಾತಿನಲ್ಲಿ ಅಡಗಿದ ಸುಳಿವುಗಳನ್ನು ಬಿಡುತ್ತಾರೆ. ನಡುವೆ ಕರೆಂಟ್ ಹೋದರೆ ಒಂದು ತುಣುಕು ಕಳೆದೇ ಹೋಗುತ್ತದೆ. ಆರಂಭದಲ್ಲಿ ಕ್ರಿಸ್ಟಾಫ್ ಎಂಬ ಪುಟ್ಟ ಹುಡುಗ ರಾಜನ ಕುದುರೆಗಳ ಜಾಡು ಹಿಡಿದು ಹೋಗಿ, ಕಲ್ಲಿನ ಮೈಯ ಟ್ರೋಲ್‌ಗಳು ಎಲ್ಸಾಳ ಹಿಮ ತಗುಲಿದ ಆನಾಳನ್ನು ಗುಣಪಡಿಸುವುದನ್ನು ಬಂಡೆಯ ಹಿಂದಿನಿಂದ ನೋಡುತ್ತಾನೆ. ದೊಡ್ಡವನಾದ ಮೇಲೆ ಅದೇ ಆನಾಳ ಜೊತೆ ಬೆಟ್ಟ ಹತ್ತುವಾಗ ಅದು ಅವನಿಗೆ ನೆನಪೇ ಇಲ್ಲವೇ ಎಂಬುದು ಒಳ್ಳೆಯ ಪ್ರಶ್ನೆ. ಆದರೆ ಆನಾಳನ್ನು ಟ್ರೋಲ್‌ಗಳ ಹತ್ತಿರ ಕರೆದೊಯ್ಯುವಾಗ, ಅವರು ಹೀಗೆ ಗುಣಪಡಿಸುವುದನ್ನು ತಾನು ಹಿಂದೆ ನೋಡಿದ್ದೇನೆ ಎಂದು ಅವನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಆ ಮಾತು ಕಿವಿಗೆ ಬಿದ್ದರೆ ಲೋಪ ಅರ್ಧ ಮುಚ್ಚುತ್ತದೆ. ಆದ್ದರಿಂದ ಸಬ್‌ಟೈಟಲ್ ಹಾಕಿಕೊಂಡು, ಆ ಸಾಲುಗಳನ್ನು ಮಗುವಿಗೆ ಕನ್ನಡದಲ್ಲಿ ಹೇಳುತ್ತ ಇನ್ನೊಮ್ಮೆ ನೋಡದೆ ಯಾವುದನ್ನೂ ತಪ್ಪೆಂದು ತೀರ್ಮಾನಿಸಬಾರದು.

ಇದಾದ ಮೇಲೂ ಉಳಿಯುವ ಪ್ರಶ್ನೆಗಳೇ ನಿಜವಾದ ಚರ್ಚೆಗೆ ಯೋಗ್ಯವಾದವು, ಅವುಗಳಲ್ಲಿ ಹೆಚ್ಚಿನವು ರಾಜಕುಮಾರ ಹಾನ್ಸ್‌ನ ಸುತ್ತ ಇವೆ. ಮೊದಲು ಒಳ್ಳೆಯವನಾಗಿ ಕಂಡು, ಕೊನೆಯಲ್ಲಿ ಸಿಂಹಾಸನಕ್ಕಾಗಿ ಆನಾಳನ್ನು ಸಾಯಲು ಬಿಟ್ಟು ಹೋಗುವವನು ಅವನು. ಬಂದರಿನಲ್ಲಿ ಇಬ್ಬರೂ ಮೊದಲ ಸಲ ಭೇಟಿಯಾಗಿ, ಆನಾ ಓಡಿಹೋದ ಮೇಲೆ, ದೋಣಿ ಮಗುಚಿ ಅವನು ನೀರಿಗೆ ಬೀಳುತ್ತಾನೆ. ದೋಣಿಯಡಿಯಿಂದ ತಲೆ ಎತ್ತಿ, ಅವಳು ಹೋದ ದಿಕ್ಕಿಗೆ ನೋಡಿ ಮುಗುಳ್ನಗುತ್ತಾನೆ. ನಾಲ್ಕನೇ ತರಗತಿಯಲ್ಲಿ ಓದುವ ನನ್ನ ಮಗಳು ಇಲ್ಲಿ ಸಿನಿಮಾ ನಿಲ್ಲಿಸಿ ಕೇಳಿದಳು: “ಅವ್ವಾ, ಅಲ್ಲಿ ಯಾರೂ ಇದ್ದಿದ್ದಿಲ್ಲಲ್ಲ, ಮತ್ತ ಅಂವ ಯಾರಿಗೆ ತೋರ್ಸಾಕ ನಕ್ಕ?”

ನಟಿಸುವವನಿಗೆ ನೋಡುವವರು ಬೇಕು, ಯಾರೂ ಇಲ್ಲದಲ್ಲಿ ಮೂಡುವ ನಗು ನಿಜವಾದ ನಗುವಾಗಿರಬೇಕು ಎಂಬ ತರ್ಕ ಅವಳ ಪ್ರಶ್ನೆಯಲ್ಲಿತ್ತು. ಇಂಥ ಸಮಯದಲ್ಲಿ ನಾನು ಪಾಲಿಸುವ ಕ್ರಮವೆಂದರೆ, ಮಗುವಿನಿಂದ ಒಂದು ವಿವರಣೆ ಕೇಳಿ, ನನ್ನದೊಂದು ವಿವರಣೆಯನ್ನು ಅದರ ಎದುರಿಗಿಟ್ಟು, ಎರಡಕ್ಕೂ ಸಿನಿಮಾದಿಂದಲೇ ಸಾಕ್ಷಿ ಹುಡುಕುವುದು. ಆನಾ ರಾಜಕುಮಾರಿ ಎಂಬುದು ಆ ಹೊತ್ತಿಗೆ ಅವನಿಗೆ ಗೊತ್ತಾಗಿತ್ತು, ಆದ್ದರಿಂದ ಅದು ತನ್ನ ಅದೃಷ್ಟಕ್ಕೆ ನಕ್ಕ ನಗು ಎನ್ನುವುದು ಒಂದು ವಿವರಣೆ. ನೋಡುವವರನ್ನು ಮೋಸಗೊಳಿಸಲೆಂದೇ ನಿರ್ದೇಶಕರು ಆ ನಗುವನ್ನು ಇಟ್ಟರು, ಪಾತ್ರದ ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುವುದು ಇನ್ನೊಂದು. ನನಗೆ ಎರಡನೆಯದೇ ಸರಿಯೆನಿಸುತ್ತದೆ. ಆ ಮುಖದಲ್ಲಿ ಲೆಕ್ಕಾಚಾರದ ಸುಳಿವು ಒಂದಿಷ್ಟೂ ಇಲ್ಲ. ಇದ್ದಿದ್ದರೆ ಎರಡನೆಯ ಸಲ ನೋಡುವವರಿಗಾದರೂ ಅದು ಹೊಳೆಯಬೇಕಿತ್ತು. ಒಳ್ಳೆಯ ರಹಸ್ಯವು ಎರಡನೆಯ ಸಲ ನೋಡಿದಾಗ ಹೆಚ್ಚು ಗಟ್ಟಿಯಾಗಬೇಕೇ ಹೊರತು ಸಡಿಲವಾಗಬಾರದು ಎಂದು ಮಗಳಿಗೆ ಹೇಳಿದೆ, ಅವಳು ಒಪ್ಪಲಿಲ್ಲ. ಒಪ್ಪಬೇಕೆಂದೇನೂ ಇಲ್ಲ. ಅವಳು ತನ್ನ ವಾದಕ್ಕೆ ಸಾಕ್ಷಿ ತಂದಿದ್ದಾಳೆಯೇ ಎಂಬುದನ್ನಷ್ಟೇ ನಾವು ನೋಡಬೇಕು.

ಹಿಮದ ಅರಮನೆಯಲ್ಲಿ ಒಬ್ಬ ಭಟ ಎಲ್ಸಾಳ ಬೆನ್ನಿಗೆ ಬಾಣ ಹೂಡಿದಾಗ ಹಾನ್ಸ್ ಅದನ್ನು ಮೇಲಕ್ಕೆ ತಳ್ಳಿ ಅವಳನ್ನು ಉಳಿಸುತ್ತಾನೆ. ಕೊಲ್ಲಬೇಕೆಂದಿದ್ದವನು ಏಕೆ ಉಳಿಸಿದ? ಇದು ಲೋಪದಂತೆ ಕಂಡರೂ ಲೋಪವಲ್ಲ ಎಂಬುದು ನನ್ನ ತೀರ್ಮಾನ. ರಾಣಿಯಾಗಿದ್ದ ಎಲ್ಸಾಳಿಗೆ ಯಾವ ಅಪಾಯವೂ ಆಗಬಾರದೆಂದು ಅವನೇ ಎಲ್ಲರೆದುರು ಅಪ್ಪಣೆ ಮಾಡಿದ್ದ, ಅವಳ ಶಕ್ತಿಯಿಂದ ರಾಜ್ಯಕ್ಕೆ ಕವಿದ ಚಳಿಗಾಲವನ್ನು ಹಿಂದೆಗೆಯಬಲ್ಲವಳು ಅವಳೊಬ್ಬಳೇ ಎಂದು ಆಗ ನಂಬಿದ್ದ, ಅವಳನ್ನು ಸೆರೆಮನೆಗೆ ಹಾಕಿದ ಮೇಲೂ ಮೊದಲು ಅದನ್ನೇ ಬೇಡುತ್ತಾನೆ. ಮನಸ್ಸಿನಲ್ಲಿ ಕೇಡಿರುವವನು ಪ್ರತಿ ಗಳಿಗೆಯೂ ಕೇಡನ್ನೇ ಮಾಡುವುದಿಲ್ಲ ಎಂಬುದು ಮಕ್ಕಳಿಗೆ ಸುಲಭವಾಗಿ ಹೊಳೆಯದ ಸಂಗತಿ. ಈ ದೃಶ್ಯವನ್ನು ಅದಕ್ಕಾಗಿಯೇ ನಿಧಾನವಾಗಿ ಬಿಡಿಸಿ ಹೇಳಬಹುದು.

ಆದರೆ ಮುಂದಿನದು ಖಂಡಿತ ಲೋಪ. ಒಲೆಯ ಬೆಂಕಿ ಆರಿಸಿ, ಆನಾಳನ್ನು ಕೋಣೆಯೊಳಗೆ ಹಾಕಿ ಬೀಗ ಜಡಿದು ಬಂದ ಹಾನ್ಸ್, ಅವಳು ತನ್ನ ತೋಳಿನಲ್ಲಿ ಸತ್ತಳು, ಸಾಯುವ ಮೊದಲು ನಾವು ಮದುವೆಯ ಪ್ರತಿಜ್ಞೆ ಮಾಡಿಕೊಂಡೆವು ಎನ್ನುತ್ತಾನೆ. ದೇಶದೇಶಗಳಿಂದ ಬಂದ ಗಣ್ಯರಲ್ಲಿ ಒಬ್ಬರೂ ಹೋಗಿ ನೋಡುವುದಿಲ್ಲ, ಮದುವೆಗೆ ಸಾಕ್ಷಿ ಯಾರೆಂದು ಕೇಳುವುದಿಲ್ಲ. ಅವನ ಬಾಯಿಮಾತಿನ ಮೇಲೆ ರಾಣಿಗೆ ಮರಣದಂಡನೆ ಆಗುತ್ತದೆ. ಮನೆಯಲ್ಲಿ ಸಾವಾದರೆ ಓಣಿಗೆ ಓಣಿಯೇ ಸೇರುವುದನ್ನು ಕಂಡ ನಮ್ಮ ಮಕ್ಕಳು ಇದನ್ನು ಒಪ್ಪುವುದಿಲ್ಲ, ಒಪ್ಪಿಸಲು ನಾವೂ ಹೋಗಬಾರದು. ‘ನೀನು ಹೇಳಿದ್ದು ಸರಿ, ಇಲ್ಲಿ ಬರೆದವರು ಅವಸರ ಮಾಡಿದ್ದಾರೆ’ ಎಂದು ಬಾಯಿಬಿಟ್ಟು ಹೇಳಬೇಕು. 1995ರ ‘ಟಾಯ್ ಸ್ಟೋರಿ’ಯಲ್ಲಿ ತಾನು ಆಟಿಕೆಯಲ್ಲ, ನಿಜವಾದ ಬಾಹ್ಯಾಕಾಶ ಯೋಧ ಎಂದು ನಂಬಿರುವ ಬಜ್ ಕೂಡ ಮನುಷ್ಯರು ಬಂದಾಗ ಉಳಿದ ಆಟಿಕೆಗಳಂತೆ ನಿಶ್ಚಲನಾಗುವುದು ಇದೇ ಜಾತಿಯ ಲೋಪ.

ಇಂಥ ಲೋಪ ಸಿಕ್ಕಾಗ ಅದನ್ನು ಹೊಲಿಯುವ ಕೆಲಸವನ್ನು ಮಗುವಿಗೆ ಕೊಡಬೇಕು. ಇದಕ್ಕೆ ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೇ ಒಳ್ಳೆಯ ಮಾದರಿಯಿದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯೇ ಕಿಷ್ಕಿಂಧೆ ಎಂದು ನಂಬಿರುವ ನಮಗೆ ವಾಲಿ ಸುಗ್ರೀವರ ಕಾಳಗ ಮನೆಯ ಕಥೆ. ಅಣ್ಣತಮ್ಮಂದಿರು ಒಂದೇ ರೂಪದವರಾದರೆ ದೂರದಲ್ಲಿ ನಿಂತ ರಾಮ ಯಾರಿಗೆ ಬಾಣ ಬಿಡಬೇಕು? ವಾಲ್ಮೀಕಿ ಈ ಪ್ರಶ್ನೆಯನ್ನು ಮುಚ್ಚಿಡದೆ ಕಥೆಯನ್ನಾಗಿಯೇ ಮಾಡಿದ್ದಾನೆ: ಮೊದಲ ಕಾಳಗದಲ್ಲಿ ಗುರುತು ಸಿಗದೆ ರಾಮ ಬಾಣ ಬಿಡುವುದಿಲ್ಲ, ಸುಗ್ರೀವ ಪೆಟ್ಟು ತಿಂದು ಓಡಿ ಬರುತ್ತಾನೆ, ಆಗ ಲಕ್ಷ್ಮಣ ಅವನ ಕೊರಳಿಗೆ ಗಜಪುಷ್ಪಿ ಬಳ್ಳಿಯನ್ನು ಕಟ್ಟುತ್ತಾನೆ. ಮರೆಯಲ್ಲಿ ನಿಂತು ಹೊಡೆದದ್ದು ನ್ಯಾಯವೇ ಎಂಬ ಕೇಳುಗರ ಪ್ರಶ್ನೆಯನ್ನು ಬಿದ್ದ ವಾಲಿಯೇ ರಾಮನಿಗೆ ಕೇಳುತ್ತಾನೆ. ಒಂದು ಸಣ್ಣ ವಸ್ತುವನ್ನು ಸೇರಿಸುವುದು, ಇಲ್ಲವೇ ನೋಡುವವರ ಪ್ರಶ್ನೆಯನ್ನು ಪಾತ್ರದ ಬಾಯಿಗೆ ಹಾಕುವುದು, ಹೊಲಿಗೆಗೆ ಈ ಎರಡು ದಾರಿಗಳನ್ನು ಮಗುವಿಗೆ ತೋರಿಸಿ, ಕಥೆಯ ಬೇರೆ ಯಾವುದನ್ನೂ ಬದಲಿಸಬಾರದು ಎಂಬ ಷರತ್ತು ಹಾಕಿದರೆ ಸಾಕು. ನನ್ನ ಮಗಳ ಹೊಲಿಗೆ ಹೀಗಿತ್ತು: “ಒಬ್ಬ ಮುದುಕ ಆಕಿನ ನೋಡಾಕ ಹೊಂಟಾಗ, ಹಾನ್ಸ್ ಬಾಗ್ಲಾಗ ಅಡ್ಡ ನಿಂತು ಅಳಕೋತ, ‘ಬ್ಯಾಡ್ರಿ, ಆಕಿನ್ನ ಹಂಗ ನೋಡಬ್ಯಾಡ್ರಿ’ ಅನ್ನಬೇಕಿತ್ತು.” ಹತ್ತು ಸೆಕೆಂಡಿನ ಈ ದೃಶ್ಯದಿಂದ ಹೋಗಿ ನೋಡದ ಲೋಪವೂ ಮುಚ್ಚುತ್ತದೆ, ಹಾನ್ಸ್ ಇನ್ನಷ್ಟು ಭಯಂಕರನೂ ಆಗುತ್ತಾನೆ.

ದೊಡ್ಡ ಸಂಸ್ಥೆಯ ಸಿನಿಮಾದಲ್ಲಿ ಇಂಥವು ಹೇಗೆ ಉಳಿಯುತ್ತವೆ ಎಂದು ತುಸು ದೊಡ್ಡ ಮಕ್ಕಳು ಕೇಳುತ್ತಾರೆ. ಈ ಸಿನಿಮಾದ ಮಟ್ಟಿಗೆ ಹೇಳುವುದಾದರೆ, ಮೊದಲ ಯೋಜನೆಯಲ್ಲಿ ಎಲ್ಸಾಳೇ ಕೇಡಿಯಾಗಿದ್ದಳು. ಕ್ರಿಸ್ಟನ್ ಆಂಡರ್ಸನ್ ಲೋಪೆಜ್ ಮತ್ತು ರಾಬರ್ಟ್ ಲೋಪೆಜ್ ದಂಪತಿ ಅವಳಿಗಾಗಿ ಬರೆದ ‘ಲೆಟ್ ಇಟ್ ಗೋ’ ಹಾಡನ್ನು ಕೇಳಿದ ಮೇಲೆ ಅವಳ ಪಾತ್ರವನ್ನು, ಅದರೊಂದಿಗೆ ಚಿತ್ರಕಥೆಯನ್ನು ಹೊಸದಾಗಿ ಬರೆದರು. ಒಂದು ಎಳೆ ಎಳೆದರೆ ಹತ್ತು ಕಡೆ ಸಡಿಲವಾಗುತ್ತದೆ ಎಂಬುದು ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ.

ಮಕ್ಕಳು ಕೇಳದ, ಆದರೆ ಹೆತ್ತವರನ್ನು ಕಾಡಲೇಬೇಕಾದ ಪ್ರಶ್ನೆಯೊಂದು ಬೇರೆಯೇ ಇದೆ. ಭಯವೇ ಎಲ್ಸಾಳ ಶತ್ರು ಎಂದು ಹಿರಿಯ ಟ್ರೋಲ್ ಎಚ್ಚರಿಸಿದ ಮೇಲೂ ರಾಜ ಮತ್ತು ರಾಣಿ ಅರಮನೆಯ ಬಾಗಿಲು ಮುಚ್ಚಿ, ಸೇವಕರನ್ನು ಕಡಿಮೆ ಮಾಡಿ, ಕೈಗವಸು ತೊಡಿಸಿ, ಆ ಭಯವನ್ನೇ ಬೆಳೆಸುತ್ತಾರೆ. ಏನೂ ತಪ್ಪು ಮಾಡದ ಆನಾಳಿಗೂ ಕಾರಣ ಹೇಳದೆ ಅದೇ ಸೆರೆ ಸಿಗುತ್ತದೆ. ಇದನ್ನು ಕಥೆಯ ಲೋಪವೆಂದು ಟೀಕಿಸುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಪ್ರೀತಿಯಿಂದಲೇ ಮಾಡಿದ ತಪ್ಪು ಅದು, ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಪಾತ್ರದ ತಪ್ಪನ್ನೂ ಬರೆದವರ ತಪ್ಪನ್ನೂ ಬೇರ್ಪಡಿಸುವುದು ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ, ಆದ್ದರಿಂದ ಇಲ್ಲಿ ಮಾತ್ರ ಹೆತ್ತವರೇ ಮೊದಲು ಬಾಯಿ ತೆರೆಯಬೇಕು: ‘ಅವರು ಆನಾಳಿಗೆ ನಿಜ ಹೇಳಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿ, ಮಗು ಮಾತಾಡುವವರೆಗೆ ಕಾಯಬೇಕು. ನಮ್ಮ ಮನೆಯಲ್ಲಿ ಮಕ್ಕಳಿಂದ ಮುಚ್ಚಿಟ್ಟ ಸಂಗತಿಗಳ ಕಡೆಗೂ ಆ ಮಾತು ತಿರುಗಬಹುದು, ಅದಕ್ಕೆ ಸಿದ್ಧರಾಗಿಯೇ ಕೇಳಬೇಕು.

ಇದೆಲ್ಲವೂ ಮೊದಲ ಸಲ ನೋಡುವಾಗ ಬೇಡ, ಥಿಯೇಟರ್‌ನಲ್ಲಿ ಬೇಡ, ಐದು ವರ್ಷದೊಳಗಿನ ಮಕ್ಕಳ ಮುಂದೆಯೂ ಬೇಡ. ಅಕ್ಕ ತಪ್ಪು ಹುಡುಕುತ್ತ ಕುಳಿತರೆ ಕಥೆಯನ್ನು ನಂಬಿ ನೋಡುತ್ತಿರುವ ತಮ್ಮನ ಸಂತೋಷ ಕೆಡುತ್ತದೆ. ಅವಳ ಪ್ರಶ್ನೆಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಸಿ, ಅವನು ಮಲಗಿದ ಮೇಲೆ ಮಾತಾಡಬಹುದು.

ಆ ನೋಟ್‌ಬುಕ್ 2019ರಲ್ಲಿ ಬಂದ ಎರಡನೆಯ ಭಾಗವನ್ನು ತೋರಿಸುವ ಮೊದಲು ಕೆಲಸಕ್ಕೆ ಬರುತ್ತದೆ. ಹಡಗು ಮುಳುಗಿ ಸತ್ತ ತಂದೆತಾಯಿ ಅಂದು ಎಲ್ಲಿಗೆ, ಏಕೆ ಹೊರಟಿದ್ದರು ಎಂಬುದಕ್ಕೆ ಮಗು ತನ್ನ ಉತ್ತರವನ್ನು ಮೊದಲೇ ಬರೆದಿಡಲಿ. ಎಲ್ಸಾಳ ಶಕ್ತಿಯ ಮೂಲವನ್ನು ಹುಡುಕಿಕೊಂಡು ಅವರು ಉತ್ತರಕ್ಕೆ ಹೊರಟಿದ್ದರು ಎಂದು ಆ ಸಿನಿಮಾ ಹೇಳುತ್ತದೆ. ನೋಡಿ ಮುಗಿಸಿದ ಮೇಲೆ ಎರಡು ಉತ್ತರಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಮೊದಲ ಭಾಗದಲ್ಲಿ ನಾವು ಕಂಡ ತಂದೆತಾಯಿಗೆ ಯಾವುದು ಹೆಚ್ಚು ಒಪ್ಪುತ್ತದೆ ಎಂಬ ತೀರ್ಪನ್ನು ಮಗುವೇ ಬರೆಯಲಿ.