ಕೆಂಚ ಏನು ಕಚ್ಚಿದ, ಯಾವಾಗ ಕಚ್ಚಿದ: ಎರಡು ವಾರ ಬರೆದಿಟ್ಟ ಮೇಲೆ ಗೊತ್ತಾದದ್ದು

ಕೆಂಚ ನಮ್ಮ ಮನೆಗೆ ಬಂದಾಗ ಹತ್ತು ವಾರದ ನಾಯಿಮರಿ. ಐದು ತಿಂಗಳು ತುಂಬುವಷ್ಟರಲ್ಲಿ ಎರಡು ಕುರ್ಚಿಗಳ ಕಾಲು, ಮೂರು ಜೊತೆ ಚಪ್ಪಲಿ, ಒಂದು ಚಾರ್ಜರ್ ವೈರು, ಮುಂಬಾಗಿಲಿನ ಚೌಕಟ್ಟು, ಎಲ್ಲದರ ಮೇಲೂ ಅವನ ಹಲ್ಲಿನ ಗುರುತು ಬಿದ್ದಿತ್ತು. ವೈರು ಅವತ್ತು ಪ್ಲಗ್‌ನಲ್ಲಿ ಇರಲಿಲ್ಲ. ಇದ್ದಿದ್ದರೆ? ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮೊದಮೊದಲು ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಗದರಿದೆ. ಹರಿದ ಚಪ್ಪಲಿಯನ್ನು ಮೂಗಿನ ಮುಂದೆ ಹಿಡಿದು "ಯಾರೋ ಮಾಡಿದ್ದು ಇದು?" ಅಂತ ಕೇಳಿದೆ. ಅವನು ಕಿವಿ ಹಿಂದಕ್ಕೆ ಮಾಡಿ, ಬಾಲ ಮುದುರಿಕೊಂಡು, ಮುಖ ಆ ಕಡೆ ತಿರುಗಿಸಿದ.

"ನೋಡೇ, ತಪ್ಪು ಮಾಡಿದ್ದು ಅವನಿಗೇ ಗೊತ್ತು" ಅಂದಳು ಅಮ್ಮ. ನನಗೂ ಹಾಗೇ ಅನಿಸಿತ್ತು. ಆದರೆ ಗೊತ್ತಿದ್ದವನು ಮರುದಿನ ಮತ್ತೆ ಯಾಕೆ ಮಾಡುತ್ತಾನೆ?

ಆಮೇಲೆ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಓದಿದೆ. ಮುಂದಿರುವ ತಿಂಡಿ ತಿನ್ನಬೇಡ ಅಂತ ನಾಯಿಗೆ ಹೇಳಿ ಮಾಲೀಕರು ಹೊರಗೆ ಹೋಗುತ್ತಾರೆ. ವಾಪಸ್ ಬಂದಾಗ ಸಂಶೋಧಕರು ಅವರಿಗೆ ಕೆಲವು ಸಲ ನಿಜ ಹೇಳುತ್ತಾರೆ, ಕೆಲವು ಸಲ ತಿನ್ನದೇ ಇದ್ದರೂ ತಿಂದಿದೆ ಅನ್ನುತ್ತಾರೆ. ಆ 'ತಪ್ಪಿತಸ್ಥ ಮುಖ' ಬಂದದ್ದು ತಿಂದದ್ದಕ್ಕಲ್ಲ, ಬೈಸಿಕೊಂಡದ್ದಕ್ಕೆ. ಏನೂ ಮಾಡದ ನಾಯಿಯೂ ಬೈದರೆ ಅದೇ ಮುಖ ಮಾಡಿತು. ಇದನ್ನು ಓದಿದ ರಾತ್ರಿ ಕೆಂಚನ ಪಕ್ಕ ತುಂಬ ಹೊತ್ತು ಕೂತಿದ್ದೆ. ಅವನು ನನಗೆ ಹೆದರಿದ್ದ, ಅಷ್ಟೇ. ಚಪ್ಪಲಿಗೂ ನನ್ನ ಸಿಟ್ಟಿಗೂ ಏನು ಸಂಬಂಧ ಅನ್ನುವುದು ಅವನಿಗೆ ಹೊಳೆದೇ ಇರಲಿಲ್ಲ.

ಬೈಯುವುದು ಬಿಟ್ಟು ಒಂದು ನೋಟ್‌ಬುಕ್ ಇಟ್ಟೆ. ಏನು ಕಚ್ಚಿದ, ಎಷ್ಟು ಗಂಟೆಗೆ, ಆಗ ಮನೆಯಲ್ಲಿ ಯಾರಿದ್ದರು, ಅದಕ್ಕೆ ಮುಂಚೆ ಏನು ನಡೆದಿತ್ತು. ನಾಲ್ಕೇ ಕಾಲಂ. ಎರಡು ವಾರ ಬರೆದೆ. ನಾನು ಮಾಡಿದ್ದರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಒಂದೇ ಕೆಟ್ಟ ಅಭ್ಯಾಸ ಅಂದುಕೊಂಡಿದ್ದರಲ್ಲಿ ಮೂರು ಬೇರೆ ಬೇರೆ ತೊಂದರೆಗಳಿದ್ದವು. ಚಪ್ಪಲಿ, ವೈರಿಗೆ ಹೊತ್ತು ಗೊತ್ತು ಇರಲಿಲ್ಲ, ಬಾಯಿಗೆ ಸಿಕ್ಕಿದ್ದೆಲ್ಲ ಹೋಗುತ್ತಿತ್ತು. ಕುರ್ಚಿ ಕಾಲು ಸಂಜೆ ಏಳರಿಂದ ಎಂಟರ ಒಳಗೆ ಮಾತ್ರ. ಬಾಗಿಲ ಚೌಕಟ್ಟು ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ.

ಮೊದಲನೆಯದು ಹಲ್ಲಿನ ಕಥೆ. ಮರಿಗೆ 28 ಹಾಲುಹಲ್ಲು. ಸುಮಾರು ನಾಲ್ಕು ತಿಂಗಳಿಗೆ ಬೀಳಲು ಶುರುವಾಗಿ, ಏಳು ತಿಂಗಳ ಹೊತ್ತಿಗೆ 42 ಹೊಸ ಹಲ್ಲು ಬಂದಿರುತ್ತವೆ. ಒಂದು ಬೆಳಿಗ್ಗೆ ಕಾರ್ಪೆಟ್ ಮೇಲೆ ಅಕ್ಕಿ ಕಾಳಿನಷ್ಟು ದೊಡ್ಡ ಹಲ್ಲು ಸಿಕ್ಕಿತು. ಅವನ ಆಟಿಕೆಯ ಮೇಲೆ ರಕ್ತದ ಸಣ್ಣ ಕಲೆ. ಪಾಪ, ವಸಡು ನೋಯುತ್ತಿದ್ದಾಗ ಕಚ್ಚಬೇಡ ಅಂದರೆ ಹೇಗೆ? ಹತ್ತಿ ಬಟ್ಟೆ ಒದ್ದೆ ಮಾಡಿ, ಹಗ್ಗದ ಹಾಗೆ ತಿರುಚಿ ಫ್ರೀಜರ್‌ನಲ್ಲಿಟ್ಟು ಕೊಡುತ್ತಿದ್ದೆ. ಅವನು ಕಚ್ಚುವಷ್ಟು ಹೊತ್ತೂ ಪಕ್ಕದಲ್ಲೇ ಕೂತು, ದಾರ ಬಿಡಲು ಶುರುವಾದ ಕೂಡಲೇ ತೆಗೆದುಕೊಳ್ಳುತ್ತಿದ್ದೆ. ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆಗೆ ಅವನ ಊಟವನ್ನೇ ತುಂಬಿ ತಣ್ಣಗೆ ಮಾಡಿ ಕೊಟ್ಟರೆ ಅರ್ಧ ಗಂಟೆ ಅದರಲ್ಲೇ ಮುಳುಗಿರುತ್ತಿದ್ದ.

ಆಟಿಕೆ ಆರಿಸುವಾಗ ನಾನು ಹೆಬ್ಬೆರಳಿನ ಉಗುರು ಒತ್ತಿ ನೋಡುತ್ತೇನೆ. ಉಗುರು ಸ್ವಲ್ಪವೂ ಇಳಿಯದಷ್ಟು ಗಟ್ಟಿ ಇದ್ದರೆ ಕೊಡುವುದಿಲ್ಲ. ಕೊಂಬು, ಗೊರಸು, ಗಟ್ಟಿ ನೈಲಾನ್ ಕಚ್ಚಿ ಮೇಲಿನ ದವಡೆಯ ದೊಡ್ಡ ಹಲ್ಲು ಸೀಳುವುದುಂಟು. ಬೇಯಿಸಿದ ಮೂಳೆ ಬೇಡವೇ ಬೇಡ, ಚೂಪಾಗಿ ಸಿಗಿದು ಗಂಟಲು, ಕರುಳು ಚುಚ್ಚುತ್ತದೆ. ಹಳೇ ಚಪ್ಪಲಿಯನ್ನು ಆಡಲು ಕೊಡುವುದೂ ತಪ್ಪು. ನಾನೇ ಕೊಟ್ಟಿದ್ದೆ. ಹಳೇದು ಯಾವುದು, ಹೊಸದು ಯಾವುದು ಅಂತ ಅವನಿಗೇನು ಗೊತ್ತು, ಎರಡಕ್ಕೂ ನನ್ನ ಕಾಲಿನದೇ ವಾಸನೆ ಅಲ್ವಾ?

ಇದರ ಜೊತೆಗೆ ಒಂದು ಭಾನುವಾರ ನೆಲದ ಮೇಲೆ ಮಂಡಿಯೂರಿ, ಅವನ ಎತ್ತರದಲ್ಲಿ ಮನೆಯೆಲ್ಲ ಸುತ್ತಿದೆ. ಏನೆಲ್ಲ ಕಂಡಿತು! ಮಂಚದ ಹಿಂದೆ ವೈರು, ಕೆಳಗಿನ ಡ್ರಾಯರ್‌ನಲ್ಲಿ ಮಾತ್ರೆ, ರಿಮೋಟ್‌ನ ಬ್ಯಾಟರಿ, ಬ್ಯಾಗಿನ ಹೊರಜೇಬಿನಲ್ಲಿ ಚೂಯಿಂಗ್ ಗಮ್. ಸಕ್ಕರೆ ಇಲ್ಲದ ಗಮ್‌ನಲ್ಲಿ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿಯೂ ಹಾಗೇ. ಎಲ್ಲ ಮೇಲೆ ಹೋಯಿತು. ಕರೆಂಟ್ ಇರುವ ವೈರನ್ನು ನಾಯಿ ಕಚ್ಚಿದರೆ, ನೋಡಲು ಚೆನ್ನಾಗಿದ್ದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ಬಿಟ್ಟು ಗೊತ್ತಾಗಬಹುದು.

ಸಂಜೆಯ ಕುರ್ಚಿ ಕಾಲಿನ ವಿಷಯದಲ್ಲಿ ನಾನು ಪೂರ್ತಿ ಎಡವಿದೆ. ಶಕ್ತಿ ಜಾಸ್ತಿ ಆಗಿದೆ, ಸುಸ್ತು ಮಾಡಿಸಿದರೆ ಸರಿಹೋಗುತ್ತದೆ ಅಂದುಕೊಂಡು ದಿನಾ ಮುಕ್ಕಾಲು ಗಂಟೆ ಚೆಂಡು ಎಸೆದೆ. ಅವನು ಇನ್ನೂ ಕೆರಳಿದ. ಮನೆಗೆ ಬಂದ ಮೇಲೂ ಉಸಿರು ಇಳಿಯದೆ, ಸೋಫಾದಿಂದ ಕುರ್ಚಿಗೆ, ಕುರ್ಚಿಯಿಂದ ನನ್ನ ಪ್ಯಾಂಟಿಗೆ. ನೋಟ್‌ಬುಕ್ ತಿರುಗಿಸಿ ನೋಡಿದರೆ ಅಂಥ ದಿನಗಳಲ್ಲಿ ಮಧ್ಯಾಹ್ನ ಅವನು ಮಲಗಿಯೇ ಇರಲಿಲ್ಲ. ಮರಿಗೆ ಹಗಲಲ್ಲೂ ಸಾಕಷ್ಟು ನಿದ್ದೆ ಬೇಕು. ನಿದ್ದೆಗೆಟ್ಟ ಮಗು ರಚ್ಚೆ ಹಿಡಿಯುವುದಿಲ್ಲವೇ, ಹಾಗೆ.

ಚೆಂಡು ಬಿಟ್ಟೆ. ಉದ್ದನೆಯ ಹಗ್ಗ ಕಟ್ಟಿ, ಅವನು ಎಲ್ಲಿ ನಿಲ್ಲುತ್ತಾನೋ ಅಲ್ಲಿ ನಿಂತು, ಬೇಕಾದಷ್ಟು ಮೂಸಲು ಬಿಟ್ಟೆ. ಒಂದು ಪೊದೆಯ ಹತ್ತಿರ ಆರು ನಿಮಿಷ ನಿಂತದ್ದೂ ಉಂಟು. ದೂರ ಕಡಿಮೆಯಾಯಿತು, ಆದರೆ ಮನೆಗೆ ಬಂದಾಗ ಅವನ ಮೈ ಸಡಿಲವಾಗಿರುತ್ತಿತ್ತು. ರಾತ್ರಿ ಊಟವನ್ನು ತಟ್ಟೆಗೆ ಹಾಕುವುದೂ ನಿಲ್ಲಿಸಿದೆ. ರಟ್ಟಿನ ಪೆಟ್ಟಿಗೆಯಲ್ಲಿ ಕಾಗದದ ಚೂರುಗಳ ನಡುವೆ ಹುದುಗಿಸಿ, ಆರೂಮುಕ್ಕಾಲಿಗೇ ಅವನ ಮುಂದೆ ಇಡುತ್ತಿದ್ದೆ. ಕಾಗದ ಹರಿಯುವ ಆಸೆಯೂ ಅಲ್ಲೇ ತೀರುತ್ತಿತ್ತು. ಕಾಗದ ನುಂಗುವ ನಾಯಿಗೆ ಇದು ಬೇಡ, ಕೆಂಚ ಹರಿದು ಉಗಿಯುತ್ತಿದ್ದ. ಮುಗಿದ ಮೇಲೆ ಮೂಲೆಯ ಹಾಸಿಗೆ, ದೀಪ ಕಡಿಮೆ. ಹತ್ತು ದಿನಕ್ಕೆ ಕುರ್ಚಿ ಕಾಲು ಕಚ್ಚುವುದು ನಿಂತಿತು.

ಕಹಿ ಸ್ಪ್ರೇ ಕೂಡ ಕುರ್ಚಿಗೆ ಹೊಡೆದು ನೋಡಿದ್ದೆ. ಒಂದು ವಾರ ದೂರ ಇದ್ದ, ಆಮೇಲೆ ಅದನ್ನೂ ನೆಕ್ಕಿದ. ಖಾರದ ಪುಡಿ ಹಚ್ಚಿ ಅಂತ ಒಬ್ಬರು ಹೇಳಿದರು. ದಯವಿಟ್ಟು ಬೇಡ. ಕಣ್ಣು, ಮೂಗಿಗೆ ಹೋದರೆ ಅದು ಹಿಂಸೆ.

ಇನ್ನು ಬಾಗಿಲು. ಫೋನನ್ನು ಕಪಾಟಿನ ಮೇಲಿಟ್ಟು, ರೆಕಾರ್ಡಿಂಗ್ ಹಾಕಿ ಹೊರಗೆ ಹೋದೆ. ತುಂಬಿಟ್ಟ ರಬ್ಬರ್ ಆಟಿಕೆಯನ್ನು ಅವನ ಮುಂದೆಯೇ ಇಟ್ಟಿದ್ದೆ. ವಿಡಿಯೋದಲ್ಲಿ ಅವನು ಅದರ ಕಡೆ ನೋಡಲೂ ಇಲ್ಲ. ಬಾಗಿಲ ಮುಂದೆ ನಿಂತ. ತೇಕತೊಡಗಿದ. ಬಾಯಿಂದ ಜೊಲ್ಲು. ನಾಲ್ಕನೇ ನಿಮಿಷಕ್ಕೆ ಕೆರೆಯಲು ಶುರು, ಆಮೇಲೆ ಹಲ್ಲು, ನಡುನಡುವೆ ಸಣ್ಣ ದನಿಯ ಅಳು. ನಾನು ಒಳಗೆ ಬಂದು ಎರಡು ನಿಮಿಷಕ್ಕೆ ಅದೇ ಆಟಿಕೆಯನ್ನು ಹಿಡಿದು ತಿನ್ನಲು ಕೂತ. ಒಂಟಿಯಾಗಿದ್ದಾಗ ಇಷ್ಟದ ತಿಂಡಿಯನ್ನೂ ಮುಟ್ಟದ ನಾಯಿ ಬೇಜಾರಿಗೆ ಕಚ್ಚುತ್ತಿಲ್ಲ, ಭಯಕ್ಕೆ ಕಚ್ಚುತ್ತಿದೆ. ಹಾಳಾದದ್ದು ಬಾಗಿಲು, ಕಿಟಕಿಯ ಹತ್ತಿರವೇ ಇದ್ದರೆ, ಅದೂ ನೀವು ಇಲ್ಲದಾಗಲೇ ಆದರೆ, ದಯವಿಟ್ಟು ಒಂದು ವಿಡಿಯೋ ಮಾಡಿ ನೋಡಿ.

ವಿಡಿಯೋವನ್ನು ಡಾಕ್ಟರಿಗೆ ತೋರಿಸಿದೆ. ಹೊಟ್ಟೆ, ಹಲ್ಲು, ಮೈಯೆಲ್ಲ ಪರೀಕ್ಷೆ ಮಾಡಿದರು. ಭಯ ವಿಪರೀತ ಇದ್ದರೆ ತರಬೇತಿ ಜೊತೆ ಔಷಧಿಯೂ ಬೇಕಾಗುತ್ತದೆ ಅಂದರು. ಕೆಂಚನಿಗೆ ಬೇಕಾಗಲಿಲ್ಲ. ಪಂಜರದಲ್ಲಿ ಕೂಡಿಹಾಕುವ ಯೋಚನೆ ನನಗಿತ್ತು, ಬೇಡ ಅಂದರು. ಭಯಪಟ್ಟ ನಾಯಿ ಕಂಬಿ ಕಚ್ಚಿ ಹಲ್ಲು, ಉಗುರು ಮುರಿದುಕೊಳ್ಳುತ್ತದೆ.

ಮೊದಲ ವಾರ ಹೊರಗೆ ಹೋಗಲೇ ಇಲ್ಲ. ಕೀ ಗೊಂಚಲು ಎತ್ತಿಕೊಂಡು ಸೋಫಾ ಮೇಲೆ ಕೂರುತ್ತಿದ್ದೆ. ಚಪ್ಪಲಿ ಮೆಟ್ಟಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಕೀ ಸದ್ದಾದರೆ ತಲೆಯೆತ್ತುತ್ತಿದ್ದವನು ನಿಧಾನಕ್ಕೆ ಎತ್ತದಾದ. ಆಮೇಲೆ ಬಾಗಿಲು ಹಾಕಿ ಐದು ಸೆಕೆಂಡು. ಹತ್ತು. ಇಪ್ಪತ್ತು. ಮತ್ತೆ ಎಂಟು. ಪ್ರತಿ ಸಲವೂ ಏರಿಸುತ್ತಾ ಹೋಗಲಿಲ್ಲ, ನಡುವೆ ಇಳಿಸುತ್ತಿದ್ದೆ. ಅವನು ತೇಕಲು ಶುರು ಮಾಡುವ ಮೊದಲೇ ಒಳಗೆ ಬರಬೇಕು, ಅಷ್ಟೇ ನಿಯಮ. ಬಂದಾಗಲೂ ದೊಡ್ಡ ಸಂಭ್ರಮವಿಲ್ಲ, ಸುಮ್ನೆ ಒಂದು ಸಲ ತಲೆ ಸವರುವುದು. ಈ ಅವಧಿಯಲ್ಲಿ ಅವನನ್ನು ನಿಜವಾಗಿ ಒಬ್ಬನೇ ಬಿಡಲಿಲ್ಲ. ಅಮ್ಮ, ಪಕ್ಕದ ಮನೆಯವರು ಪಾಳಿ ಮಾಡಿ ಕೂತರು. ಆ ಉಪಕಾರ ಮರೆಯುವಂಥದ್ದಲ್ಲ. ಒಂದು ದಿನ ಆತುರದಲ್ಲಿ ಎರಡು ಗಂಟೆ ಬಿಟ್ಟು ಹೋಗಿದ್ದಕ್ಕೆ ಮೂರು ವಾರದ ಕೆಲಸ ಹಿಂದಕ್ಕೆ ಹೋಯಿತು. ನಲವತ್ತು ನಿಮಿಷ ಮುಟ್ಟಲು ಎರಡೂವರೆ ತಿಂಗಳು ಬೇಕಾಯಿತು. ಅಲ್ಲಿಂದ ಎರಡು ಗಂಟೆಗೆ ಮೂರೇ ವಾರ.

ಕಾಲುಚೀಲದ ವಿಷಯ ಒಂದು ಉಳಿದಿದೆ. ಕದ್ದುಕೊಂಡು ಓಡುತ್ತಿದ್ದ, ನಾವು ಅಟ್ಟಿಸಿಕೊಂಡು ಹೋಗುತ್ತಿದ್ದೆವು. ಅಟ್ಟಿಸಿಕೊಂಡು ಹೋದರೆ ಕಿತ್ತುಕೊಳ್ಳುತ್ತಾರೆ ಅಂತ ನಾಯಿ ನುಂಗಿಬಿಡಬಹುದು. ಕಾಲುಚೀಲ ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್ನೇ ಗತಿ. ಅದಕ್ಕೆ ಕೊಡುಕೊಳ್ಳುವುದನ್ನು ಕಲಿಸಿದೆ. ಅವನ ಬಾಯಲ್ಲಿ ಆಟಿಕೆ ಇದ್ದಾಗ ಮೂಗಿನ ಹತ್ತಿರ ಒಂದು ತುಂಡು ತಿಂಡಿ ಹಿಡಿದು "ಬಿಡು" ಅನ್ನುವುದು. ಬಿಟ್ಟರೆ ತಿಂಡಿ, ಆಮೇಲೆ ಆಟಿಕೆಯೂ ವಾಪಸ್. ಈ ವಾಪಸ್ ಕೊಡುವುದು ಮುಖ್ಯ. ಬಿಟ್ಟರೆ ಕಳೆದುಕೊಳ್ಳುವುದಿಲ್ಲ ಅಂತ ಅವನಿಗೆ ನಂಬಿಕೆ ಬರಬೇಕು. ದಿನಕ್ಕೆ ಐದಾರು ಸಲ, ಒಂದು ತಿಂಗಳು.

ಈಗ ಅವನಿಗೆ ಎರಡೂವರೆ ವರ್ಷ. ಕಳೆದ ವಾರ ಹಾಸಿಗೆಯ ಕೆಳಗೆ ಬಿದ್ದಿದ್ದ ಕಾಲುಚೀಲ ಸಿಕ್ಕಿತು ಅವನಿಗೆ. ಬಾಯಲ್ಲಿ ಕಚ್ಚಿಕೊಂಡು ನೇರ ಅಡುಗೆಮನೆಗೆ ಬಂದು, ನನ್ನ ಕಾಲ ಬಳಿ ಹಾಕಿ, ತಿಂಡಿಯ ಡಬ್ಬಿಯ ಕಡೆ ನೋಡುತ್ತಾ ಕೂತ.